ಸೀಟಿನ ಹಿಂದಿನ ಡಬ್ಬಿ

ಈಚೆಗೆ ನಾನು ಕಟ್ಟಿದ ಪ್ರತಿಯೊಂದು ರೇಸ್ ಕಾರಿನಲ್ಲೂ ಸೀಟಿನ ಹಿಂದೆ, ಎಂಜಿನ್ನಿಗೂ ಓಡಿಸುವವರ ಬೆನ್ನಿಗೂ ನಡುವಿನ ತಗಡಿಗೆ ಬಿಗಿದ ಒಂದು ಅಲ್ಯೂಮಿನಿಯಂ ಡಬ್ಬಿ ಇರುತ್ತದೆ. ಮುಷ್ಟಿ ಗಾತ್ರದ್ದು. ತಿರುಗಿಸಿ ಮುಚ್ಚುವ ಮುಚ್ಚಳ, ಅದರ ಮೇಲೆ ತಂತಿಯ ಕಟ್ಟು. ಯಾವ ಪೈಪೂ ಅದಕ್ಕೆ ಬಂದು ಸೇರುವುದಿಲ್ಲ, ಯಾವ ವೈರೂ ಅದರಿಂದ ಹೊರಡುವುದಿಲ್ಲ. ಕಾರು ನೋಡಲು ಬಂದವರು ಇಡೀ ಚಾಸಿಯನ್ನು ಮೆಚ್ಚಿ, ಕೊನೆಗೆ ಅಲ್ಲಿಗೆ ಬಂದು ನಿಲ್ಲುತ್ತಾರೆ. ಒಂದೊಂದು ಗ್ರಾಂ ತೂಕಕ್ಕೂ ಜಗಳವಾಡುವ ನಾನು ಈ ದಂಡದ ಡಬ್ಬಿಯನ್ನು ಯಾಕೆ ಹೊತ್ತಿದ್ದೇನೆ ಎಂಬುದು ಅವರಿಗೆ ಅರ್ಥವಾಗುವುದಿಲ್ಲ.

ಒಬ್ಬೊಬ್ಬರಿಗೆ ಒಂದೊಂದು ಸುಳ್ಳು ಹೇಳಿದ್ದೇನೆ. ಒಬ್ಬನಿಗೆ ತೂಕ ಸರಿದೂಗಿಸಲು ಎಂದೆ. ಇನ್ನೊಬ್ಬನಿಗೆ ಮುಂದೆ ಏನೋ ಯಂತ್ರ ಕೂರಿಸಬೇಕಾದರೆ ಇರಲಿ ಎಂದೆ. ತೀರಾ ಮೂಗು ತೂರಿಸಿದ ಒಬ್ಬನಿಗೆ, ಇಷ್ಟವಿಲ್ಲದಿದ್ದರೆ ಬೇರೆ ಶೆಡ್ಡಿಗೆ ಹೋಗು ಮಾರಾಯ ಎಂದು ಬಾಗಿಲು ತೋರಿಸಿದೆ. ನಿಜ ಯಾರ ಕಿವಿಗೆ ಬೀಳಬಾರದಿತ್ತೋ ಅವರು ಹೋದ ವರ್ಷ ತೀರಿಕೊಂಡರು. ಅವರ ಮಗಳಿಗೆ ಎಲ್ಲವನ್ನೂ ಹೇಳಿದೆ. ಬಹಳ ಹೊತ್ತು ಅತ್ತು, ಆಮೇಲೆ ಬರೆಯಿರಿ ಎಂದಳು. ಆದ್ದರಿಂದ ಬರೆಯುತ್ತಿದ್ದೇನೆ.

ನಮ್ಮದು ಹುತ್ತೂರಿನ ಕಡೆಯ ಮನೆ. ಹಿಪ್ಪುನೇರಳೆ ತೋಟ, ಮನೆಯ ಅರ್ಧ ಭಾಗದಲ್ಲಿ ರೇಷ್ಮೆಹುಳು. ಹುಳುವಿಗೆ ವಾಸನೆ ಆಗುವುದಿಲ್ಲ. ಬೀಡಿ ಸೇದಿ ಬಂದವರನ್ನೂ, ಒಗ್ಗರಣೆಯ ಕೈಯವರನ್ನೂ ಅಪ್ಪ ಹುಳುಮನೆಯ ಹತ್ತಿರಕ್ಕೆ ಬಿಡುತ್ತಿರಲಿಲ್ಲ. ನಾನಂತೂ ಸದಾ ಪೆಟ್ರೋಲು ನಾರುತ್ತಿದ್ದೆ. ಹೀಗಾಗಿ ನನ್ನ ಮನೆಯಲ್ಲೇ ನಾನು ಬಾಗಿಲಾಚೆಯವನಾದೆ. ಆದರೆ ಅಪ್ಪನ ಮೂಗು ಮಾತ್ರ ನನಗೆ ಬಂತು. ಯಾವ ಎಂಜಿನ್ನಿನಲ್ಲಿ ಏನು ಸುಡುತ್ತಿದೆ ಎಂದು ನನಗೆ ಕಿವಿಗಿಂತ ಮೊದಲು ಮೂಗು ಹೇಳುತ್ತದೆ. ಇದು ವರವೆಂದೇ ತುಂಬಾ ಕಾಲ ತಿಳಿದಿದ್ದೆ.

ಬೆಂಗಳೂರಿನ ಗ್ಯಾರೇಜುಗಳಲ್ಲಿ ಕೈ ಕಪ್ಪು ಮಾಡಿಕೊಂಡು, ಆಮೇಲೆ ಕೊಯಮತ್ತೂರಿನ ಒಂದು ರೇಸ್ ಶೆಡ್ಡಿನಲ್ಲಿ ಚಾಸಿ ಕಟ್ಟುವುದನ್ನು ಕಲಿತು ಊರಿಗೆ ಮರಳಿದಾಗ, ಅಪ್ಪ ಕೇಳಿದ್ದು ಒಂದೇ ಪ್ರಶ್ನೆ.

"ಆ ಕಾರು ಎಲ್ಲಿಗೋ ಹೋಗ್ತದೆ?"

"ಎಲ್ಲಿಗೂ ಇಲ್ಲಪ್ಪ. ಸುತ್ತು ಹಾಕಿ ಹೊರಟ ಜಾಗಕ್ಕೇ ಬರ್ತದೆ."

"ಹೊರಟಲ್ಲಿಗೇ ಬರೋದಾದ್ರೆ ಹೋಗೋದ್ಯಾಕೋ?" ಎಂದು ಅಪ್ಪ ಸೊಪ್ಪು ಕೊಯ್ಯಲು ಹೊರಟುಹೋದ.

ಮಾಲೂರಿನಿಂದ ಲಕ್ಕೂರಿಗೆ ಹೋಗುವ ದಾರಿಯಲ್ಲಿ ಶೆಡ್ಡು ಹಾಕಿದೆ. ಸುತ್ತ ಕಾರ್ಖಾನೆಗಳು, ಲೇತು ಹಿಡಿಯುವವರಿಗೆ ಬರವಿಲ್ಲ. ಜೊತೆಗೆ ಒಬ್ಬ ಪಾಲುದಾರ ಸಿಕ್ಕಿದ. ಕೋಲಾರದವನು, ತಲೆಮಾರುಗಳಿಂದ ತಗಡಿನ ಟ್ರಂಕು ಮಾಡುತ್ತಿದ್ದ ದಖನಿ ಮಾತಿನ ಮನೆಯವನು. ಪೈಪಿನ ಲೆಕ್ಕ, ಸಸ್ಪೆನ್ಷನ್ನಿನ ಕೋನ, ತೂಕ ಎಲ್ಲಿ ಕೂರಬೇಕು ಎಂಬುದು ನನ್ನ ಪಾಲು. ತಗಡು, ವೆಲ್ಡಿಂಗ್, ಬಣ್ಣ ಅವನ ಪಾಲು. ನನ್ನ ಸಿಟ್ಟು ಊರಿಗೇ ಗೊತ್ತಿರುವಂಥದ್ದು. ಅವನು ಮಾತ್ರ ನಾನು ಕೂಗಾಡುವಾಗ ಬೀಡಿ ಹಚ್ಚಿ ಹೊರಗೆ ಹೋಗಿ, ನಾನು ಸುಸ್ತಾದ ಮೇಲೆ ಒಳಗೆ ಬರುತ್ತಿದ್ದ. ಹಾಗಾಗಿಯೇ ಜೊತೆ ಉಳಿಯಿತು.

ನಾವು ಕಟ್ಟುತ್ತಿದ್ದದ್ದು ಮಣ್ಣಿನ ಮೇಲೆ ಓಡುವ ಒಂಟಿ ಸೀಟಿನ ಕಾರು. ಹಳೆಯ ಸಣ್ಣ ಕಾರಿನ ಎಂಜಿನ್ ಹಿಂದೆ, ಸುತ್ತ ಉಕ್ಕಿನ ಪೈಪಿನ ಪಂಜರ, ಒಳಗೆ ಒಬ್ಬ ಮನುಷ್ಯ. ಈ ಕೆಲಸದಲ್ಲಿ ನನಗಿರುವ ಕಾನೂನು ಒಂದೇ: ಕಾರಿನೊಳಗೆ ಸಡಿಲವಾದದ್ದು ಏನೂ ಇರಬಾರದು. ನಟ್ಟು, ಸ್ಪ್ಯಾನರ್, ನೀರಿನ ಬಾಟಲಿ, ಜೇಬಿನ ಪೆನ್ನು, ಯಾವುದೂ. ಓಡುವ ಕಾರಿನಲ್ಲಿ ಸಡಿಲವಾದದ್ದು ತನ್ನ ಜಾಗ ತಾನೇ ಹುಡುಕಿಕೊಳ್ಳುತ್ತದೆ, ಮತ್ತು ಅದು ಹುಡುಕುವುದು ಯಾವಾಗಲೂ ಪೆಡಲುಗಳ ಬುಡವನ್ನೇ. ಇದನ್ನು ನಾನು ಎಷ್ಟು ಜನಕ್ಕೆ ಬೈದು ಹೇಳಿದ್ದೇನೋ ಲೆಕ್ಕವಿಲ್ಲ.

ನಮ್ಮ ಕಾರು ಓಡಿಸಲು ಬಂದ ಹುಡುಗ ಶ್ರೀನಿವಾಸಪುರದ ಮಾವಿನ ತೋಟದ ಮನೆಯವನು. ಮೀಸೆ ಬರುವ ಮುಂಚೆಯೇ ತೋಟದೊಳಗೆ ಮಾವಿನ ಟೆಂಪೋ ಓಡಿಸಿ, ಮರಗಳ ನಡುವೆ ಬಾಲ ತಿರುಗಿಸಿ ನಿಲ್ಲಿಸುವುದನ್ನು ಕಲಿತಿದ್ದ. ನನ್ನ ಮೂರನೆಯ ಕಾರನ್ನು ಓಡಿಸಿ ನೋಡಿ ಇಳಿದು, "ಅಣ್ಣ, ಇದು ಹೇಳಿದ್ ಮಾತು ಕೇಳ್ತದೆ ಕಣಣ್ಣ" ಎಂದ. ಕಾರು ಕಟ್ಟುವವನಿಗೆ ಇದಕ್ಕಿಂತ ದೊಡ್ಡ ಮಾತು ಬೇಕೇ. ಮುಂದಿನ ಕಾರನ್ನು ಅವನ ಮೈಗೇ ಅಳೆದು ಕಟ್ಟಿದೆ.

ಮೈಗೆ ಅಳೆಯುವುದೆಂದರೆ ಹೀಗೆ. ಖಾಲಿ ಸೀಟಿನಲ್ಲಿ ದಪ್ಪ ಪ್ಲಾಸ್ಟಿಕ್ ಚೀಲ ಹಾಸಿ, ಅದರ ಮೇಲೆ ಓಡಿಸುವವನನ್ನು ಕೂರಿಸಿ, ಚೀಲದೊಳಗೆ ಎರಡು ದ್ರವ ಬೆರೆಸಿ ಸುರಿಯುತ್ತೇವೆ. ಅದು ಬಿಸಿಯಾಗಿ ಉಬ್ಬುತ್ತ, ಬೆನ್ನು, ಸೊಂಟ, ಪಕ್ಕೆ ಎಲ್ಲವನ್ನೂ ಒತ್ತಿಕೊಂಡು ಗಟ್ಟಿಯಾಗುತ್ತದೆ. ಅಲ್ಲಿಯವರೆಗೆ ಅಲುಗಾಡಬಾರದು. ಅವನು ನಗು ತಡೆಯಲಾರದೆ, "ಅಣ್ಣ, ಇಡ್ಲಿ ಥರಾ ಬೇಯ್ತಾ ಇದೀನಿ" ಎಂದು ಕುಲುಕಿದ. ನಾನು ಗದರಿದೆ. ಪಾಲುದಾರ ಎಂದಿನಂತೆ ಹೊರಗೆ ಹೋದ. ಹುಡುಗನನ್ನು ಎಬ್ಬಿಸಿದಾಗ ಸೀಟಿನಲ್ಲಿ ಅವನ ಬೆನ್ನು ಉಳಿದಿತ್ತು. ಎಡ ಹೆಗಲಿನ ಮೂಳೆ ಸ್ವಲ್ಪ ಕೆಳಗೆ, ಸ್ವಲ್ಪ ಹೊರಗೆ ಚಾಚಿದ್ದು ಅಚ್ಚಿನಲ್ಲಿ ಚೆನ್ನಾಗಿ ಕಾಣುತ್ತಿತ್ತು.

ಅವನ ತಾಯಿ ಕಾರು ನೋಡಲು ಬಂದರು. ಗಂಡ ತೀರಿಕೊಂಡ ಮೇಲೆ ತೋಟವನ್ನೂ ಮಾವಿನ ಮಂಡಿಯನ್ನೂ ಒಬ್ಬರೇ ನಡೆಸಿದ ಹೆಂಗಸು. ಮನೆಯಲ್ಲಿ ತೆಲುಗು, ಮಂಡಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ನನಗಿಂತ ಸ್ವಲ್ಪ ದೊಡ್ಡವರು. ನಾನು ಅಕ್ಕ ಎನ್ನುತ್ತಿದ್ದೆ, ಅವರು ನನ್ನನ್ನು ತೆಲುಗಿನಲ್ಲಿ ಅಕ್ಕರೆಯಿಂದ ನಾಯ್ನ ಎನ್ನುತ್ತಿದ್ದರು. ಕಾರಿನ ಸುತ್ತ ಒಮ್ಮೆ ನಡೆದು, ಪೈಪಿನ ಪಂಜರವನ್ನು ಮುಟ್ಟಿ ನೋಡಿದರು.

"ಏನ್ ನಾಯ್ನ, ಬಾಗಿಲೇ ಇಲ್ವಲ್ಲ. ಇದು ಎಲ್ಲಿಗೆ ಹೋಗೋ ಕಾರು?"

"ಎಲ್ಲಿಗೂ ಹೋಗಲ್ಲ ಅಕ್ಕ. ಹೊರಟಲ್ಲಿಗೇ ವಾಪಸ್ ಬರುತ್ತೆ."

ಅಪ್ಪ ನನ್ನನ್ನು ಹಂಗಿಸಲು ಹೇಳಿದ್ದ ಮಾತನ್ನು ನಾನು ಅವರಿಗೆ ಧೈರ್ಯ ಹೇಳಲು ಬಳಸಿದೆ. ಅವರ ಮುಖ ಸಡಿಲವಾಯಿತು. "ಹಂಗಾದ್ರೆ ಸರಿ" ಎಂದರು.

ರೇಸಿನ ಹಿಂದಿನ ದಿನ ಕಾರನ್ನು ಟ್ರೇಲರಿನ ಮೇಲೆ ಹೊತ್ತು ಕುರುಡುಮಲೆಗೆ ಹೋದೆವು. ನಮ್ಮ ಕಡೆ ಏನೇ ಶುರು ಮಾಡುವುದಿದ್ದರೂ ಮೊದಲು ಆ ಗಣಪನ ಮುಂದೆ ನಿಲ್ಲುವುದು ರೂಢಿ. ತಾಯಿ ತಮ್ಮ ತೋಟದ ಗಿಡದಿಂದಲೇ ನಿಂಬೆಹಣ್ಣು ಕಿತ್ತು ತಂದಿದ್ದರು. ಕಾರನ್ನು ಕೆಳಗಿಳಿಸಿ, ನಾಲ್ಕು ಗಾಲಿಗೆ ನಾಲ್ಕು ಹಣ್ಣಿಟ್ಟು, ಮುಂದಕ್ಕೆ ಉರುಳಿಸಿದೆವು. ಹಣ್ಣು ಪಚಕ್ಕೆಂದು ಒಡೆದವು. ಹೊಸ ಲಾರಿ, ಟ್ರ್ಯಾಕ್ಟರು, ಕಾರು ಯಾವುದೇ ಇರಲಿ, ಇನ್ನೊಂದು ಹಣ್ಣನ್ನು ಒಡೆಯದೆ ದೇವರ ಮುಂದಿಟ್ಟು ಮಂತ್ರಿಸಿ ಗಾಡಿಯೊಳಗೆ ಇಡುತ್ತಾರೆ. ಅದನ್ನು ಇಡಲು ಅವರು ಕೈ ಚಾಚಿದಾಗ ನಾನು ತಡೆದೆ. ಒಳಗೆ ಏನೂ ಇಡುವ ಹಾಗಿಲ್ಲ ಅಕ್ಕ, ಹೂವಿನ ಎಸಳೂ ಇಲ್ಲ ಎಂದೆ. ಮಗನೂ ನಕ್ಕು, "ಬೇಡಮ್ಮ, ಇವರು ನನ್ನ ಉಡದಾರಾನೂ ಬಿಚ್ಚಿಸ್ತಾರೆ" ಎಂದ. ಅವರು ಹಣ್ಣನ್ನು ಸೆರಗಿನ ತುದಿಗೆ ಕಟ್ಟಿಕೊಂಡರು.

ರೇಸು ನಡೆದದ್ದು ತಾಯಲೂರಿನ ಆಚೆ, ಬತ್ತಿಹೋಗಿದ್ದ ಒಂದು ಕೆರೆಯ ಅಂಗಳದಲ್ಲಿ. ಮಣ್ಣು ಹದವಾಗಿತ್ತು. ಕೆರೆಯ ಉದ್ದಕ್ಕೂ ನೇರ ಓಟ, ಕೊನೆಯಲ್ಲಿ ಏರಿಯ ಕಲ್ಲುಕಟ್ಟಡದ ಮುಂದೆ ಬ್ರೇಕ್ ಹಾಕಿ ಎಡಕ್ಕೆ ತಿರುವು. ಬೆಳಗ್ಗೆ ನಾನು ಪೆಡಲುಗಳನ್ನು ನೋಡಿದೆ, ಎಲ್ಲ ಬಿಗಿಯಾಗಿತ್ತು. ಆಮೇಲೆ ಅವನು ಹೆಲ್ಮೆಟ್ಟು ಹಾಕಿಕೊಳ್ಳುವಾಗ ತಾಯಿ ಹತ್ತಿರ ಬಂದು ಪಂಜರದೊಳಗೆ ಬಗ್ಗಿ ಅವನ ಕೆನ್ನೆ ಮುಟ್ಟಿ ದೃಷ್ಟಿ ತೆಗೆದರು. ನಾನು ದೂರ ನಿಂತು ಅದನ್ನು ನೋಡಿದೆ. ನೋಡಲು ಚೆಂದವಾಗಿತ್ತು.

ಬ್ರೇಕ್ ಹಿಡಿದ ಕಾರು ಮೂತಿ ತಗ್ಗಿಸುತ್ತದೆ. ದೂರದಿಂದ ನೋಡುವವನಿಗೆ ಅದೇ ಗುರುತು. ಮೊದಲ ಸುತ್ತುಗಳಲ್ಲಿ ಏರಿಯ ಹತ್ತಿರ ಪ್ರತಿಸಲ ಮೂತಿ ತಗ್ಗುವುದನ್ನು ಹೆಮ್ಮೆಯಿಂದ ನೋಡುತ್ತಿದ್ದೆ. ನಂತರದ ಒಂದು ಸುತ್ತಿನಲ್ಲಿ ಮೂತಿ ತಗ್ಗಲಿಲ್ಲ. ಕಾರು ಹಾಗೇ ನೆಟ್ಟಗೆ ಹೋಯಿತು. ತೀರಾ ಕೊನೆಗೆ, ಕಲ್ಲಿನ ಹತ್ತಿರ, ಒಮ್ಮೆ ತಗ್ಗಿತು. ಅಷ್ಟರಲ್ಲಿ ಆಗಬೇಕಾದದ್ದು ಆಗಿತ್ತು.

ಅವನನ್ನು ಹೊರತೆಗೆದು ಆಂಬುಲೆನ್ಸಿನಲ್ಲಿ ಮಲಗಿಸಿದರು. ಮುಳಬಾಗಿಲು ಮುಟ್ಟುವ ಮುಂಚೆಯೇ ಜೀವ ಹೋಗಿತ್ತಂತೆ. ತಾಯಿ ಅದರಲ್ಲೇ ಹೋದರು. ಜನ ಅದರ ಹಿಂದೆ ಓಡಿದರು. ನಾನೂ ಪಾಲುದಾರನೂ ಕಾರಿನ ಹತ್ತಿರ ಉಳಿದೆವು. ಪೆಟ್ರೋಲು ಸೋರುತ್ತಿತ್ತು. ಬಿಸಿ ಎಣ್ಣೆ, ಸುಟ್ಟ ರಬ್ಬರು, ಮಣ್ಣು, ಇವುಗಳ ಮಧ್ಯೆ ನನ್ನ ಮೂಗಿಗೆ ಇನ್ನೊಂದು ವಾಸನೆ ಬಂತು. ಅಲ್ಲಿ ಇರಬಾರದ ವಾಸನೆ. ನಾನು ಹೊಟ್ಟೆಯ ಮೇಲೆ ಮಲಗಿ ಪೆಡಲುಗಳ ಹಿಂದೆ ಕೈ ಹಾಕಿದೆ. ಬ್ರೇಕ್ ಪೆಡಲಿಗೂ ಅದರ ಹಿಂದಿನ ಪೈಪಿಗೂ ನಡುವೆ ಒಂದು ನಿಂಬೆಹಣ್ಣು ಒಡೆದು ಅಂಟಿಕೊಂಡಿತ್ತು. ಸಿಪ್ಪೆಯ ಮೇಲೆ ಕುಂಕುಮ ಇನ್ನೂ ಇತ್ತು.

ನಿಂಬೆಹಣ್ಣು ಕಲ್ಲಲ್ಲ. ಜೋರಾಗಿ ತುಳಿದರೆ ಒಡೆಯುತ್ತದೆ, ಅವನೂ ತುಳಿದು ಒಡೆದ. ಆದರೆ ಒಡೆಯುವವರೆಗೆ ಪೆಡಲು ಕೆಳಗೆ ಹೋಗುವುದಿಲ್ಲ. ಆ ವೇಗದಲ್ಲಿ ಅಷ್ಟು ಹೊತ್ತು ಸಾಕು. ದೃಷ್ಟಿ ತೆಗೆಯುವ ನೆಪದಲ್ಲಿ ತಾಯಿ ಅದನ್ನು ಸೀಟಿನ ಕೆಳಗೆ ಇಟ್ಟಿದ್ದರು. ಮಗನಿಗೆ ಹೇಳಿದರೆ ಎಸೆಯುತ್ತಾನೆ, ನನಗೆ ಹೇಳಿದರೆ ಕೂಗಾಡುತ್ತೇನೆ. ಅವನು ಉಳಿಯಲಿ ಎಂದೇ ಇಟ್ಟದ್ದು.

ಪಾಲುದಾರ ನನ್ನ ಕೈ ನೋಡಿದ. ಅವನಿಗೂ ಅರ್ಥವಾಯಿತು. "ನಕ್ಕೋ ಭಾಯ್" ಎಂದ ಮೆಲ್ಲಗೆ. "ಬೇಡ. ಯಾರಿಗೂ ತೋರಿಸ್ಬೇಡ. ತಾಯಿ ಅದು. ಗೊತ್ತಾದ್ರೆ ಬದ್ಕಲ್ಲ." ನಾನು ಹಣ್ಣನ್ನು ಜೇಬಿಗೆ ಹಾಕಿಕೊಂಡೆ. ಆ ಸಂಜೆ ಮಾಲೂರಿನ ದಾರಿಯಲ್ಲಿ ಇಟ್ಟಿಗೆ ಗೂಡೊಂದು ಉರಿಯುತ್ತಿತ್ತು. ಗಾಡಿ ನಿಲ್ಲಿಸಿ ಅದರ ಬಾಯಿಗೆ ಎಸೆದೆ. ಇವತ್ತಿಗೂ ನಾನು ಅದಕ್ಕೆ ಪಶ್ಚಾತ್ತಾಪ ಪಟ್ಟಿಲ್ಲ.

ಕಾರನ್ನು ಪರೀಕ್ಷಿಸಿದವರು ಬ್ರೇಕ್ ತಡವಾಗಿ ಹಿಡಿದಿದೆ, ಕಟ್ಟಿದ್ದರಲ್ಲೇ ದೋಷ ಎಂದರು. ಅವರನ್ನು ದೂರಲಾರೆ. ನೆಲದ ಮೇಲಿದ್ದ ಗುರುತು ಹೇಳಿದ್ದೂ ಅದನ್ನೇ. ಮೈದಾನದಿಂದ ಮೈದಾನಕ್ಕೆ ಮಾತು ಹಬ್ಬಿತು. ಕೆಲವು ವರ್ಷ ನನ್ನಿಂದ ಯಾರೂ ರೇಸ್ ಕಾರು ಕಟ್ಟಿಸಲಿಲ್ಲ. ಟೊಮೆಟೊ ಕ್ರೇಟು ಸಾಗಿಸುವ ಟ್ರೇಲರು, ನೀರಿನ ಟ್ಯಾಂಕರಿನ ಚಾಸಿ, ಗೇಟು, ಕಿಟಕಿಯ ಸರಳು ಮಾಡಿ ಹೊಟ್ಟೆ ಹೊರೆದೆವು. ಟೀ ಅಂಗಡಿಯಲ್ಲಿ ನನ್ನ ಬೆನ್ನ ಹಿಂದೆ, ಬ್ರೇಕ್ ಹಿಡಿಯದ ಕಾರಿನವನು ಎನ್ನುವುದು ಕೇಳಿಸುತ್ತಿತ್ತು. ತಿರುಗಿ ಒಂದೇ ಒಂದು ಮಾತು ಹೇಳಿದ್ದರೆ ನನ್ನ ಹೆಸರು ತೊಳೆದುಹೋಗುತ್ತಿತ್ತು. ಆ ಮಾತು ನಾಲಿಗೆಯ ತುದಿಯವರೆಗೆ ಬಂದ ದಿನಗಳಿವೆ. ಕುದಿಯುತ್ತ ಟೀ ನುಂಗಿ ಎದ್ದು ಬರುತ್ತಿದ್ದೆ.

ಹೆಸರು ಹೋದದ್ದನ್ನು ತಡೆದುಕೊಳ್ಳಬಹುದಿತ್ತು. ವಾಸನೆಯನ್ನು ತಡೆದುಕೊಳ್ಳಲಾಗುತ್ತಿರಲಿಲ್ಲ. ಮನೆಯಲ್ಲಿ ಚಿತ್ರಾನ್ನ ನಿಂತುಹೋಯಿತು. ಹೆಂಡತಿ ಒಂದೆರಡು ಸಲ ಕೇಳಿ, ಆಮೇಲೆ ಕೇಳುವುದನ್ನು ಬಿಟ್ಟಳು. ಮದುವೆ ಮನೆಯಲ್ಲಿ ಪಾನಕದ ಲೋಟ ಮುಂದೆ ಬಂದರೆ ಎದ್ದು ಕೈ ತೊಳೆಯಲು ಹೋಗುತ್ತಿದ್ದೆ. ನನ್ನ ಸ್ವಂತ ವ್ಯಾನಿನ ಬ್ರೇಕ್ ತುಳಿಯುವಾಗ ಪಾದದ ಕೆಳಗೆ ಏನೋ ಮೆತ್ತಗೆ ಸಿಕ್ಕಂತಾಗುತ್ತಿತ್ತು. ಎದುರಿಗೆ ಬರುವ ಪ್ರತಿ ಬಸ್ಸು, ಪ್ರತಿ ಲಾರಿ ಮೂತಿ ತಗ್ಗಿಸುತ್ತದೆಯೋ ಇಲ್ಲವೋ ಎಂದು ನೋಡುವುದು ಚಟವಾಯಿತು. ಶೆಡ್ಡಿನಲ್ಲಿ ಕೆಲಸ ಮಾಡುವಾಗ, ನಡು ಮಧ್ಯಾಹ್ನ, ಸಿಮೆಂಟ್ ನೆಲದ ಮೇಲೆ ಏನೋ ದುಂಡಗಿನದು ಉರುಳುವ ಸದ್ದಾಗುತ್ತಿತ್ತು. ಎಲ್ಲ ಯಂತ್ರ ನಿಲ್ಲಿಸಿ, ಬೆಂಚಿನ ಕೆಳಗೆ, ಪೈಪುಗಳ ಹಿಂದೆ ಹುಡುಕುತ್ತಿದ್ದೆ. ಎಂದೂ ಏನೂ ಸಿಗಲಿಲ್ಲ. ಪಾಲುದಾರನಿಗೆ ಕೇಳಿಸಿತೇ ಎಂದು ನಾನು ಕೇಳಲಿಲ್ಲ. ಕೇಳಿಸಿತು ಎಂದುಬಿಟ್ಟರೆ ಎಂಬ ಭಯ.

ತೀರಿಕೊಂಡ ಹುಡುಗನ ಸೀಟು ಮಾತ್ರ ನನ್ನ ಹತ್ತಿರವೇ ಉಳಿದಿತ್ತು. ಗೋಣಿತಾಟಿನಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೆ. ಎಸೆಯಲು ಕೈ ಬರಲಿಲ್ಲ.

ಒಂದು ದಿನ ತಾಯಿ ಬಂದರು, ಮಗಳನ್ನು ಕರೆದುಕೊಂಡು. ಅಣ್ಣ ಹೋದಾಗ ಅವಳಿನ್ನೂ ಓದುತ್ತಿದ್ದಳು. ಈಗ ಮಂಡಿಯ ಲಾರಿಗಳನ್ನು ಅವಳೇ ನೋಡಿಕೊಳ್ಳುತ್ತಿದ್ದಳು. ಬಂದವಳೇ, "ಮಾಮ, ನನಗೊಂದು ಕಾರು ಕಟ್ಟಿಕೊಡಿ" ಎಂದಳು. ಎಲ್ಲೆಲ್ಲೋ ಬಾಡಿಗೆಯ ಕಾರು ತೆಗೆದುಕೊಂಡು ಮಣ್ಣಿನ ರೇಸು ಓಡಿಸಿದ್ದಳಂತೆ. ಅಮ್ಮನ ಹತ್ತಿರ ಊಟ ಬಿಟ್ಟು, ಮಾತು ಬಿಟ್ಟು ಒಪ್ಪಿಸಿದ್ದಳು. "ಅಣ್ಣ ಹೇಳ್ತಿದ್ದ, ನಿಮ್ಮ ಕಾರು ಮಾತು ಕೇಳ್ತದೆ ಅಂತ. ಬೇರೆಯವರದ್ದು ಕೇಳಲ್ಲ ಮಾಮ, ನಾನು ನೋಡಿದೀನಿ."

ಪಾಲುದಾರ ಅವಳನ್ನು ಒಳಗೆ ಕರೆದೊಯ್ದು ಪೈಪು ತೋರಿಸತೊಡಗಿದ. ತಾಯಿ ನನ್ನೆದುರು ಸ್ಟೂಲಿನ ಮೇಲೆ ಕೂತರು. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಹೊರಟಲ್ಲಿಗೇ ಬರ್ತದೆ ಅಂದಿದ್ದೆ ನಾಯ್ನ" ಎಂದರು.

ನಾನು ತಲೆ ತಗ್ಗಿಸಿದೆ.

"ನಿನ್ನ ಬೈಯಕ್ಕೆ ಬಂದಿಲ್ಲ. ಒಂದು ಕೇಳ್ಬೇಕು. ಬ್ರೇಕು ಗೀಕು ನನಗೆ ಗೊತ್ತಾಗಲ್ಲ. ಅವತ್ತು ನಾನು ಗಣಪನ ಹಣ್ಣು ಅವನ ಸೀಟಿನ ಕೆಳಗೆ ಇಟ್ಟಿದ್ದೆ. ಅವನಿಗೂ ಹೇಳಿಲ್ಲ, ನಿನಗೂ ಹೇಳಿಲ್ಲ. ಅದು ಇದ್ದಿದ್ರೆ ಅವನಿಗೆ ಏನೂ ಆಗ್ತಿರ್ಲಿಲ್ಲ. ನಿಮ್ಮೋರು ಯಾರೋ ಗುಡಿಸಿ ಹಾಕಿರ್ಬೇಕು. ಇಷ್ಟು ವರ್ಷ ಇದೊಂದೇ ಯೋಚ್ನೆ ನನಗೆ. ದೇವರು ಯಾಕೆ ಕೈ ಬಿಟ್ಟ ಅಂತ. ಹೇಳು, ಹಣ್ಣು ಇತ್ತಾ ಇರ್ಲಿಲ್ವಾ?"

ಇತ್ತು ಎಂದರೆ ಎಲ್ಲಿತ್ತು ಎಂದು ಕೇಳುತ್ತಾರೆ. ಮಂಡಿ ನಡೆಸಿದ ಹೆಂಗಸು, ನನ್ನ ಕಣ್ಣಿನಲ್ಲೇ ಉಳಿದದ್ದನ್ನು ಓದಿಬಿಡುತ್ತಾರೆ. ಒಳಗಿನಿಂದ ಅವರ ಮಗಳ ನಗು ಕೇಳುತ್ತಿತ್ತು.

"ಇರ್ಲಿಲ್ಲ ಅಕ್ಕ" ಎಂದೆ. "ನಮ್ಮೋರು ಯಾರೋ ಅಲ್ಲ, ನಾನೇ. ಹೊರಡೋ ಮುಂಚೆ ಕೈ ಹಾಕಿ ನೋಡಿದೆ, ಸಿಕ್ತು. ತೆಗೆದು ಬಿಸಾಕಿದೆ."

ಅವರು ನನ್ನ ಕೈಯನ್ನೇ ನೋಡಿದರು. ಆಮೇಲೆ, "ನಿನ್ನ ಕೈ ಸೇದ್ಹೋಗ" ಎಂದರು. ಕೂಗಲಿಲ್ಲ, ಅಳಲಿಲ್ಲ. ಎದ್ದು ನಿಂತು ಸೆರಗು ಸರಿಮಾಡಿಕೊಂಡರು. "ಅವಳು ಬೇರೆಯವರ ಕಾರು ಹತ್ತಲ್ಲ ಅಂತಾಳೆ. ಕಟ್ಟಿಕೊಡು. ಆದ್ರೆ ಈ ಸಲ ನಾನು ಇಟ್ಟಿದ್ದನ್ನ ನೀನು ಮುಟ್ಟೋ ಹಾಗಿಲ್ಲ."

ಅವರು ಹೋದ ಮೇಲೆ ನಡೆದದ್ದನ್ನು ಹೇಳಿದಾಗ ಪಾಲುದಾರ ನನ್ನ ಮೇಲೆ ಹರಿಹಾಯ್ದ. ಅಷ್ಟು ವರ್ಷದಲ್ಲಿ ಅವನು ದನಿ ಎತ್ತಿದ್ದು ಅದೇ ಮೊದಲು. "ಅವತ್ತು ಹೇಳ್ಬೇಡ ಅಂದಿದ್ದು ನಾನೇ. ಇವತ್ತು ಹೇಳ್ಬೇಕಿತ್ತು ಭಾಯ್. ಈ ಹುಡುಗಿ ಕಾರಲ್ಲೂ ಬಚ್ಚಿಡ್ತಾಳೆ ಆಯಮ್ಮ. ನೀನು ಬಿಸಾಕ್ದೆ ಅಂದಿದ್ದಕ್ಕೆ ಇನ್ನೂ ಒಳಗೆ ಬಚ್ಚಿಡ್ತಾಳೆ. ಆಗ ಏನ್ ಮಾಡ್ತೀಯ?" ಅವನು ಹೇಳಿದ್ದು ನೂರಕ್ಕೆ ನೂರು ಸರಿ. ಈ ಸಲ ನಾನೇ ಹೊರಗೆ ಹೋಗಿ ನಿಂತೆ.

ಹೊರಗೆ ನಿಂತಿದ್ದಾಗಲೇ ಹೊಳೆದದ್ದು. ಹಣ್ಣು ಇಡುವುದನ್ನು ತಪ್ಪಿಸಲಾಗುವುದಿಲ್ಲ. ಬಚ್ಚಿಡುವುದನ್ನು ತಪ್ಪಿಸಬಹುದು. ಇಷ್ಟು ವರ್ಷ ಗಾಳಿಗೆ, ಶಾಖಕ್ಕೆ, ಪೆಟ್ರೋಲಿಗೆ, ಮನುಷ್ಯನ ಮೊಣಕಾಲಿಗೆ ಜಾಗ ಮಾಡಿಕೊಟ್ಟವನು, ತಾಯಿಯೊಬ್ಬಳ ಭಯಕ್ಕೆ ಒಂದು ಜಾಗ ಮಾಡಿರಲಿಲ್ಲ. ಒಳಗೆ ಬಂದು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಡಬ್ಬಿ ಬರೆದೆ. ಪಾಲುದಾರ ಬಗ್ಗಿ ನೋಡಿದ. ತಗಡು ಹುಡುಕಲು ಎದ್ದ. ಟ್ರಂಕು ಮಾಡುವವರ ಮನೆಯ ಕೈ, ಮುಚ್ಚಳ ಎಷ್ಟು ಬಿಗಿಯಾಗಿ ಕೂತಿತೆಂದರೆ ಉಸಿರು ಹೊರಗೆ ಬರುವಂತಿರಲಿಲ್ಲ.

ಅವಳ ಸೀಟಿನ ಅಚ್ಚು ತೆಗೆದ ದಿನ ನನಗೆ ತಡೆಯಲಾಗಲಿಲ್ಲ. ಚೀಲದಲ್ಲಿ ಫೋಮ್ ಉಬ್ಬುವಾಗ ಅವಳೂ ನಕ್ಕಳು. ಗದರಲು ಬಾಯಿ ಬರಲಿಲ್ಲ. ಅವಳು ಎದ್ದ ಮೇಲೆ ಪ್ಲಾಸ್ಟಿಕ್ ಸರಿಸಿ ನೋಡಿದರೆ, ಎಡ ಹೆಗಲಿನ ಮೂಳೆ ಸ್ವಲ್ಪ ಕೆಳಗೆ, ಸ್ವಲ್ಪ ಹೊರಗೆ. ನಾನು ಬೆರಳು ಇಟ್ಟು ನೋಡಿದೆ, ಫೋಮ್ ಇನ್ನೂ ಬೆಚ್ಚಗಿತ್ತು. ಅಟ್ಟದ ಕಡೆ ತಲೆ ಎತ್ತಿ ನೋಡುವ ಧೈರ್ಯವಾಗಲಿಲ್ಲ.

ಕುರುಡುಮಲೆಯಲ್ಲಿ ಪೂಜೆಯಾದ ಮೇಲೆ ತಾಯಿಯನ್ನು ಕರೆದು ಡಬ್ಬಿ ತೋರಿಸಿದೆ. "ಇದು ನಿಮಗೆ ಅಕ್ಕ. ಹಣ್ಣು ಇಲ್ಲೇ ಇಡಿ. ನೀವೇ ಮುಚ್ಚಿ. ನಾನು ಮುಟ್ಟಲ್ಲ." ಅವರು ನನ್ನನ್ನೂ ಡಬ್ಬಿಯನ್ನೂ ಅನುಮಾನದಿಂದ ನೋಡಿದರು. ಹಣ್ಣಿಟ್ಟು, ಮುಚ್ಚಳ ತಿರುಗಿಸಿ, ತಂತಿಯನ್ನು ತಾವೇ ಹೊಸೆದರು. ಮಗಳು, "ಇದೇನು ಮಾಮ, ನನ್ನ ಕಾರಿಗೆ ಮಾತ್ರ ದೇವರ ಮನೆ?" ಎಂದು ಕೀಟಲೆ ಮಾಡಿದಳು.

ರೇಸು ಮುಳಬಾಗಿಲಿನ ಹತ್ತಿರದ ಬೇರೊಂದು ಬಯಲಿನಲ್ಲಿ. ಆ ಹಳೆಯ ಕೆರೆ ಈಗ ತುಂಬಿದೆ. ಅವನು ಹೋದ ಜಾಗ ನೀರಿನ ಕೆಳಗಿದೆ, ಕೊಕ್ಕರೆಗಳು ಕೂರುತ್ತವೆ. ಕಾರು ಹೊರಡುವ ಮುಂಚೆ ನಾನು ನೆಲದ ಮೇಲೆ ಮಲಗಿ ಪೆಡಲುಗಳ ಹಿಂದೆ, ಸೀಟಿನ ಕೆಳಗೆ, ಪೈಪುಗಳ ಸಂದಿಯಲ್ಲಿ ಕೈಯಾಡಿಸಿದೆ. ಏನೂ ಸಿಗಲಿಲ್ಲ. ಎದ್ದೆ. ಮತ್ತೆ ಮಲಗಿ ಹುಡುಕಿದೆ. ಬೇರೆ ತಂಡದವರು ನಗುತ್ತಿದ್ದರು. ತಾಯಿ ಬಗ್ಗಿ ಮಗಳ ದೃಷ್ಟಿ ತೆಗೆದಾಗ ಅವರ ಎರಡೂ ಕೈಗಳ ಮೇಲೆ ಕಣ್ಣಿಟ್ಟು ನಿಂತೆ. ಕೈ ಖಾಲಿಯಾಗಿತ್ತು. ಆದರೂ ಬಾವುಟ ಬಿದ್ದ ಮೇಲೆ ನಂಬಿಕೆ ಉಳಿಯಲಿಲ್ಲ. ಸೆರಗಿನಲ್ಲಿ ಇನ್ನೊಂದು ಇತ್ತೇನೋ, ನಾನು ಕಣ್ಣು ಮಿಟುಕಿಸಿದಾಗ ಜಾರಿಸಿದರೇನೋ. ಬಯಲಿನ ಕೊನೆಯ ತಿರುವಿನಲ್ಲಿ ಮೂತಿ ತಗ್ಗಿತು. ಮುಂದಿನ ಸುತ್ತಿನಲ್ಲೂ ತಗ್ಗಿತು. ಒಂದು ಸಲ ಧೂಳಿನಲ್ಲಿ ಕಾಣದೆ ಹೋದಾಗ ನಾನು ಪಾಲುದಾರನ ತೋಳನ್ನು ಎಷ್ಟು ಗಟ್ಟಿಯಾಗಿ ಹಿಡಿದೆನೆಂದರೆ ಅವನು ಬಿಡಿಸಿಕೊಳ್ಳಬೇಕಾಯಿತು. ಉರುಳುವ ಸದ್ದು ನನ್ನ ಕಿವಿಯೊಳಗೇ ಇತ್ತು.

ಅವಳು ಗೆಲ್ಲಲಿಲ್ಲ. ಹಿಂದಿನಿಂದ ಎಣಿಸಿದರೆ ಬೇಗ ಸಿಗುವ ಜಾಗ. ಹೊರಟ ಗೆರೆಯ ಹತ್ತಿರ ಬಂದು ಕಾರು ನಿಲ್ಲಿಸಿ, ಹೆಲ್ಮೆಟ್ಟು ತೆಗೆದು, ಧೂಳು ಮುಖದಲ್ಲಿ ನಗುತ್ತ ಇಳಿದಳು. ತಾಯಿ ಮಗಳ ಹತ್ತಿರ ಹೋಗಲಿಲ್ಲ. ನೇರ ಕಾರಿನ ಹಿಂಬದಿಗೆ ನಡೆದು, ತಂತಿ ಬಿಚ್ಚಿ, ಮುಚ್ಚಳ ತಿರುಗಿಸಿದರು. ಹಣ್ಣು ಇತ್ತು. ಕುಂಕುಮವೂ ಅಳಿಸದೆ, ಇಟ್ಟ ಹಾಗೇ. ಅದನ್ನು ಅಂಗೈಯಲ್ಲಿ ಹಿಡಿದುಕೊಂಡು ನನ್ನ ಹತ್ತಿರ ಬಂದರು.

"ನೋಡ್ದಾ ನಾಯ್ನ? ಇದು ಇದ್ದಿದ್ದಕ್ಕೆ ಬಂದ್ಲು."

"ಹೂಂ ಅಕ್ಕ."

"ನೀನು ಬಿಸಾಕ್ದೆ ಅಂದಾಗ ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಮನೇಲಿ ಕೂತು ದಿನಾ ಶಾಪ ಹಾಕಿದೆ ನಿನಗೆ." ಅವರ ದನಿ ಒಡೆಯಿತು. "ಈಗ ಅನ್ನಿಸ್ತದೆ, ನೀನೇನು ಕೆಟ್ಟದ್ದಾಗಲಿ ಅಂತ ಮಾಡಿದ್ಯಾ? ಅವನಿಗೆ ಒಳ್ಳೇದಾಗಲಿ ಅಂತ್ಲೇ ಮಾಡಿದ್ದು. ಗೊತ್ತಿರ್ಲಿಲ್ಲ, ಅಷ್ಟೇ. ಗೊತ್ತಿಲ್ದೆ ಮಾಡಿದ್ದಕ್ಕೆ ಗಣಪನೂ ಕೇಳಲ್ಲ, ನನ್ನ ಮಗನೂ ಕೇಳಲ್ಲ. ಬಿಟ್ಬಿಡು ನಾಯ್ನ. ನಾನೂ ಬಿಟ್ಬಿಟ್ಟೆ."

ನನ್ನ ಕಣ್ಣು ತುಂಬಿ ಅವರ ಮುಖ ಕಾಣಿಸಲಿಲ್ಲ. ಪಕ್ಕದಲ್ಲಿ ನಿಂತಿದ್ದ ಪಾಲುದಾರ ಮುಖ ತಿರುಗಿಸಿಕೊಂಡ. ನಿಂಬೆಯ ವಾಸನೆ ಬಂತು. ಅಷ್ಟು ವರ್ಷದಲ್ಲಿ ಮೊದಲ ಸಲ ನಾನು ದೂರ ಸರಿಯಲಿಲ್ಲ.

"ಇನ್ನೊಂದು ಸಲ ಹೇಳಿ ಅಕ್ಕ" ಎಂದೆ.

ನಾನು ಕೇಳಿದ್ದು ಅವರಿಗಾಗಿ; ನನಗಾಗಿ ಎಂದು ಅವರು ತಿಳಿದರು. ಹಣ್ಣಿದ್ದ ಕೈಯನ್ನು ನನ್ನ ತಲೆಯ ಮೇಲಿಟ್ಟು, ಮಗುವಿಗೆ ಹೇಳುವಂತೆ ನಿಧಾನವಾಗಿ ಎಲ್ಲವನ್ನೂ ಮತ್ತೆ ಹೇಳಿದರು.